ಹೊಸ ಪುಸ್ತಕದೊಳಗಿನ ಕೆಂಪು ದಾರ

ಸೋಮವ್ವ,

ಇದನ್ನು ನಿನಗೆ ಕಳಿಸುವುದಿಲ್ಲ. ಮಾತು ಬಿಟ್ಟವರಿಗೆ ಪತ್ರ ಹಾಕುವ ಚಾಳಿ ನನಗಿಲ್ಲ.

ಇವತ್ತು ಬೈಲಹೊಂಗಲದಲ್ಲಿ ನಮ್ಮ ಮನೆಯೆದುರಿನ ಗೌರೀಶನ ಪುಸ್ತಕದಂಗಡಿಗೆ ಹೋಗಿದ್ದೆ. "ಹೊಸಾ ಕಾದಂಬರಿ ಬಂದೈತ್ರಿ ಅಕ್ಕಾರ, ನೋಡ್ರಿ" ಎಂದು ಒಂದನ್ನು ಕೈಗಿಟ್ಟ. ಬರೆದವಳ ಹೆಸರನ್ನೇ ನಾನು ಕೇಳಿರಲಿಲ್ಲ. ತೆರೆದರೆ ನಡುವೆ ಒಂದು ಕೆಂಪು ದಾರ, ಅದರ ಎರಡೂ ತುದಿಗೆ ಗಂಟು.

"ಯಾರೋ ಓದಿದ್ದನ್ನ ಹೊಸಾದಂತ ಮಾರಾಕ ಹತ್ತೀಯೇನಪಾ?" ಎಂದು ಜೋರು ಮಾಡಿದೆ.

ಅವನು ನಕ್ಕ. "ದೊಡವಾಡದ ಅಕ್ಕಾರು ಇಟ್ಟದ್ರಿ ಅದು. ಹಳೇ ಅರಿವಿ ಸೇರಿಸಿ ಹೊಲಿದ ಕೌದಿ ಕೊಡಾಕ ಬರ್ತಾರ. ಬಸ್ ಬರೂತನಕ ಇಲ್ಲೇ ಕುಂತ ಓದತಾರ. ಹೆಸರು ಕೇಳಿದ್ರ ಹೇಳೂದಿಲ್ಲ."

ಹೇಳುವುದೇ ಬೇಕಿರಲಿಲ್ಲ. ನಾವು ಕೂಡಿ ಓದಿದ ಶಾಲೆಯಲ್ಲಿ ಕೌದಿಯ ದಾರಕ್ಕೆ ಹಾಗೆ ಗಂಟು ಹಾಕಿ ಪುಸ್ತಕದಲ್ಲಿಡುತ್ತಿದ್ದವಳು ನೀನೊಬ್ಬಳೇ.

ಆದರೆ ನನಗೆ ನಿನ್ನ ಮೇಲೆ ಅನುಮಾನವಿದೆ. ಅಲ್ಲಿನ ಸ್ಟೂಲಿನ ಮೇಲೆ ಕುಳಿತರೆ ನನ್ನ ಮನೆಯ ಬಾಗಿಲು ನೇರ ಕಾಣುತ್ತದೆ. ನೀನು ಪುಸ್ತಕ ಓದುತ್ತೀಯೋ, ಬಾಗಿಲು ಕಾಯುತ್ತೀಯೋ? ದಾರ ಮರೆತು ಹೋದೆಯೋ, ನನ್ನ ಕೈಗೆ ಸಿಗಲೆಂದೇ ಬಿಟ್ಟೆಯೋ? ಇದನ್ನೇ ನನ್ನ ಕೈಗಿಡಲು ಗೌರೀಶನಿಗೂ ನೀನೇ ಹೇಳಿಕೊಟ್ಟಿರಬೇಕು. ಅಷ್ಟು ದೂರ ಬಂದವಳಿಗೆ ರಸ್ತೆ ದಾಟುವುದೊಂದು ಭಾರವಾಯಿತೇ?

ಅದೇ ಸ್ಟೂಲಿನ ಮೇಲೆ ಕುಳಿತು ದಾರವಿದ್ದ ಪುಟದವರೆಗೆ ಓದಿದೆ. ಚೆನ್ನಾಗಿತ್ತು. ಆದರೂ ಮುಂದಿನ ಪುಟ ತಿರುವದೆ ದಾರವನ್ನು ಇದ್ದಲ್ಲೇ ಇಟ್ಟು ಪುಸ್ತಕ ಮುಚ್ಚಿದೆ.

"ಯಾಕ್ರಿ, ತಗೊಳ್ಳೂದಿಲ್ಲೇನ್ರಿ?" ಎಂದ ಗೌರೀಶ.

"ಈಗ ಬ್ಯಾಡ. ಅಕಿ ಓದಿ ಮುಗಸ್ಲಿ" ಎಂದೆ.