ಎರಡನೇ ಗೇರಿನಲ್ಲಿ ಇಳಿದವಳು

ಸಾಗರಣ್ಣನಿಗೆ,

ಅಕ್ಷರ ಸೊಟ್ಟಗಿವೆ, ಕ್ಷಮಿಸು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಒತ್ತಕ್ಷರ ಬಂದ ಕಡೆಯೆಲ್ಲ ತಪ್ಪು ಇದ್ದೇ ಇರುತ್ತದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ನೀನು ಮಾತಾಡುತ್ತಲೇ ಇರುತ್ತೀ, ನಾನು ‘ಹ್ಞೂಂ’ ಅಂದು ಇಟ್ಟುಬಿಡುತ್ತೇನೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ.

ಹಂಪಿಯಲ್ಲಿ ನೀನು ಚೆನ್ನಾಗಿದ್ದೀ ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಗೆಸ್ಟ್ ಹೌಸಿನವರ ಜೀಪು ಓಡಿಸುತ್ತೀಯಂತೆ, ಪ್ರವಾಸಿಗಳು ನಿನ್ನ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಕಂಪ್ಲಿಯಿಂದ ಹೆಣ್ಣು ಕೊಡುವವರು ಬಂದು ಮನೆ ನೋಡಿಕೊಂಡು ಹೋದರು. ಅವರ ಮುಂದೆ ನಾನು ಚಹಾ ಇಟ್ಟು ಒಳಗೆ ಬಂದೆ. ಹಿತ್ತಲಲ್ಲಿ ಮೂತಿ ಜಜ್ಜಿದ ಜೀಪು ನಿಂತಿತ್ತು. ಹುಡುಗಿಯ ಮಾವ ಕೇಳಿದ್ದಕ್ಕೆ ಅವ್ವ ‘ಸಣ್ಣಾಕಿ ಕೈಗೆ ಕೊಟ್ಟಿದ್ವಿ, ಗುದ್ದಿಬಿಟ್ಲು’ ಅಂದಳು. ಎಲ್ಲರೂ ನಕ್ಕರು. ಆ ನಗುವೇ ಈ ಕಾಗದ ಬರೆಸುತ್ತಿದೆ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ. ಮರೆತೆ ಅನ್ನಲು ನಿನಗೆ ಜಾಗ ಇರಬಾರದು.

ಅಪ್ಪ ಬಿಟ್ಟುಹೋದ ಆ ಜೀಪಿಗೆ ದೊಡ್ಡ ಟೈರು ಬೇಕೆಂದು ಹಟ ಹಿಡಿದವನು ನೀನು. ಸಣ್ಣ ಟೈರಿನಲ್ಲಿ ಅದು ಬಂಡ್ರಿಯಿಂದ ಗುಡ್ಡಕ್ಕೆ ಹೆಂಗಸರನ್ನು ಹೊತ್ತು ಸುಮ್ಮನೆ ಹತ್ತುತ್ತಿತ್ತು. ಹಳೇ ಗಣಿಯ ಮಣ್ಣುರಾಶಿಯ ಮೇಲೆ ಸಸಿ ನೆಡುವ ಕೆಲಸ ಅವರದು. ಅವರನ್ನೂ ನೀರಿನ ಕ್ಯಾನುಗಳನ್ನೂ ಒಯ್ಯುವುದು ನನ್ನದು. ಟೈರು ಹಾಕಿಸಿಕೊಂಡು ನೀನು ಬಂದ ಮೇಲೆ ನೋಡಲು ಗಾಡಿ ಗಂಡಾಯಿತು, ಹತ್ತಲು ಮುದುಕಾಯಿತು. ಅರ್ಧ ಏರಿಗೇ ಕ್ಲಚ್ಚು ಸುಟ್ಟ ವಾಸನೆ. ಹಿಂದೆ ಕೂತ ದುರುಗವ್ವ ಮೂಗಿಗೆ ಸೆರಗು ಹಿಡಿದು, ‘ಏನವ್ವ ಅಂಜಲಿ, ಮುಂಜಾನೆ ಮುಂಜಾನೆ ನಿನ ಗಾಡಿ ಬೀಡಿ ಸೇದತೈತಲ್ಲ’ ಅಂದಳು.

ಇಬ್ಬರೂ ಹೊಸಪೇಟೆಗೆ ಹೊನ್ನೂರುಸ್ವಾಮಿ ಮೇಸ್ತ್ರಿ ಹತ್ತಿರ ಹೋದೆವು. ಆತ ಟೈರು ನೋಡಿ ನಕ್ಕ. ‘ಆನಿ ಕಾಲು ಹಚ್ಚಿ ಆಡಿನ ಎದಿ ಇಟ್ಟೀಯಲ್ಲೋ ಸಾಗರಾ. ಟೈರ್ ದೊಡ್ಡದಾದ್ರ ಗಾಡಿ ಹೆಜ್ಜಿ ದೊಡ್ಡದಾಗತೈತಿ. ಅಷ್ಟ್ ದೊಡ್ಡ ಹೆಜ್ಜಿ ಇಟ್ಟು ಗುಡ್ಡ ಹತ್ತಂದ್ರ ಅದೇನ್ ಮಾಡ್ಬೇಕು?’ ಆಮೇಲೆ ಬೆಂಚಿನ ಮೇಲೆ ಎರಡು ಜೋಡಿ ಹಲ್ಲಿನ ಚಕ್ರಗಳನ್ನಿಟ್ಟ. ಎರಡು ಜೋಡಿಗೂ ಚಿಕ್ಕ ಪಿನಿಯನ್ನಿಗೆ ಎಂಟೇ ಹಲ್ಲು. ದೊಡ್ಡ ಕ್ರೌನಿಗೆ ಒಂದರಲ್ಲಿ ಮೂವತ್ತೊಂಬತ್ತು, ಇನ್ನೊಂದರಲ್ಲಿ ನಲವತ್ತಮೂರು. ನಮ್ಮ ಗಾಡಿಯೊಳಗೆ ಇದ್ದದ್ದು ಹನ್ನೊಂದಕ್ಕೆ ನಲವತ್ತೇಳು. ಮೂವತ್ತೊಂಬತ್ತು ಹಾಕಿದರೆ ಸಣ್ಣ ಟೈರಿದ್ದಾಗ ಹೇಗಿತ್ತೋ ಹಾಗೆ ಆಗುತ್ತದೆ, ರಸ್ತೆಗೂ ಸೈ. ನಲವತ್ತಮೂರು ಹಾಕಿದರೆ ಎಷ್ಟು ಭಾರವಿದ್ದರೂ ಹತ್ತುತ್ತದೆ, ಇಳಿಯುವಾಗ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಆದರೆ ರಸ್ತೆಯಲ್ಲಿ ಓಡುವುದಿಲ್ಲ. ಯಾವುದನ್ನು ಹಾಕಿದರೂ ಮುಂದಿನ ಆಕ್ಸಲಿಗೂ ಹಿಂದಿನದಕ್ಕೂ ಅದೇ ಹಾಕಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದಾಗ ಎರಡೂ ಜಗ್ಗಾಡಿ ಏನಾದರೂ ಮುರಿಯುತ್ತದೆ.

ನೀನು ಮುಖ ಕಿವುಚಿದೆ. ‘ನಲವತ್ತಮೂರು ಹಾಕಿದ್ರ ಹೈವೇದಾಗ ಹಿಟ್ಟಿನ ಗಿರಣಿ ಸದ್ದು ಬರ್ತೈತಿ. ಟ್ರ್ಯಾಕ್ಟರ್‌ನವ್ರೂ ಹಾರ್ನ್ ಹೊಡದು ದಾಟಿ ಹೋಗ್ತಾರ.’ ಮೇಸ್ತ್ರಿ, ‘ನಿನ್ ತಂಗಿ ಗಾಡಿ ಓಡ್ಸಾಕಿ, ನೀನು ಗಾಡಿ ತೋರ್ಸಾಂವ. ಯಾರಿಗ್ ಹಾಕ್ಲಿ ಹೇಳು’ ಅಂದ. ನಾನು ನೆಲ ನೋಡುತ್ತಿದ್ದೆ. ಆಗ ನೀನು ಹೇಳಿದ ಮಾತು ನನಗೆ ಇನ್ನೂ ಕೇಳಿಸುತ್ತದೆ: ‘ಗುಡ್ಡ ಅಕೀದು. ಅಕಿ ಹೇಳಿದ್ದ ಹಾಕ್ರಿ.’ ನಾನು ‘ನಲವತ್ತಮೂರು’ ಅಂದೆ. ನನ್ನ ಮಾತಿಗೆ ಬೆಲೆ ಕೊಟ್ಟು ಒಂದು ಕೆಲಸ ಆದದ್ದು ಅದೇ ಮೊದಲು. ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ತಿಂದದ್ದು, ವಾಪಸು ಬರುವಾಗ ಗಾಡಿ ಗಿರಣಿಯಂತೆ ಕೂಗಿದ್ದಕ್ಕೆ ಇಬ್ಬರೂ ನಕ್ಕದ್ದು, ಎಲ್ಲ ನೆನಪಿದೆ. ನೆನಪಿರುವುದೇ ಕಷ್ಟ.

ಒಂದು ಮಳೆಗಾಲ, ಒಂದು ಚಳಿಗಾಲ ಆ ಗೇರಿನಲ್ಲಿ ಓಡಿಸಿದೆ. ಕೆಂಪು ಕೆಸರಿನಲ್ಲೂ ಜಾರಲಿಲ್ಲ. ಇಳಿಯುವಾಗ ನಿಧಾನಕ್ಕೆಂದೇ ಇರುವ ಸಣ್ಣ ಲಿವರನ್ನು ಲೋಗೆ ಹಾಕಿ, ಎರಡನೇ ಗೇರಿಗೆ ಬಿಟ್ಟರೆ ಸಾಕು, ಬ್ರೇಕಿನ ಮೇಲೆ ಕಾಲಿಡುವುದೇ ಬೇಡ. ಮೊದಲನೇದರಲ್ಲಿ ಗಾಡಿ ಇರುವೆಯಂತೆ ತೆವಳುತ್ತಿತ್ತು, ಹೆಂಗಸರು ‘ಇಳದು ನಡಕೋತ ಹೋಗ್ಲೇನು?’ ಎಂದು ಕಾಡಿಸುತ್ತಿದ್ದರು. ಹಾಗಾಗಿ ಎರಡನೇದೇ ರೂಢಿಯಾಯಿತು. ಇದು ನಿನಗೆ ಗೊತ್ತಿತ್ತು. ಪಕ್ಕದಲ್ಲಿ ಕೂತು ಎಷ್ಟೋ ಸಲ ಇಳಿದಿದ್ದೀ.

ಹಂಪಿಗೆ ಜನ ಬರುವ ಕಾಲಕ್ಕೆ ನೀನು ಕ್ಲಚ್ ಪ್ಲೇಟ್ ಬದಲಿಸುತ್ತೇನೆಂದು ಗಾಡಿಯನ್ನು ಹೊಸಪೇಟೆಗೆ ಒಯ್ದೆ. ಕೆಲವು ದಿನ ಬಿಟ್ಟು ವಾಪಸು ತಂದುಕೊಟ್ಟೆ. ಮರುದಿನ ಹೆಂಗಸರನ್ನು ಹತ್ತಿಸಿಕೊಂಡು ಹೋಗುವಾಗ ಗಾಡಿ ಉಸಿರುಗಟ್ಟಿತು. ಮೇಲೆ ಮುಟ್ಟಿದ ಕೂಡಲೇ ನಿನಗೆ ಫೋನ್ ಮಾಡಿದೆ. ನೀನು ‘ಹೊಸಾ ಪ್ಲೇಟು, ಕೂಡ್ಬೇಕು. ಸುಮ್ನ ಓಡ್ಸು’ ಅಂದೆ. ನಾನು ‘ಹ್ಞೂಂ’ ಅಂದೆ. ನೀನು ಅಂದದ್ದನ್ನು ನಂಬುವುದು ನನಗೆ ಅಭ್ಯಾಸ.

ಸಂಜೆ ಇಳಿಯುವಾಗ ಎಂದಿನಂತೆ ಎರಡನೇ ಗೇರಿಗೆ ಬಿಟ್ಟೆ. ಗುಡ್ಡ ಗಾಡಿಯನ್ನು ಎಳೆದುಕೊಂಡಿತು. ಎಂಜಿನ್ ಹಿಡಿಯಲಿಲ್ಲ. ಬ್ರೇಕು ತುಳಿದೆ, ತುಳಿದುಕೊಂಡೇ ಬಂದೆ, ಎರಡನೇ ತಿರುವಿನ ಹೊತ್ತಿಗೆ ಪೆಡಲು ಹತ್ತಿಯಂತೆ ಮೆತ್ತಗಾಯಿತು. ಮೊದಲನೇ ಗೇರಿಗೆ ಹಾಕಲು ಹೋದರೆ ಹಲ್ಲು ಕರಕರ ಎಂದು ಒಳಗೆ ಬಿಡಲಿಲ್ಲ. ಎಡಕ್ಕೆ ಕಣಿವೆ. ಬಲಕ್ಕಿದ್ದ ಮಣ್ಣಿನ ದಿಬ್ಬಕ್ಕೆ ಮೂತಿ ಕೊಟ್ಟು ನಿಲ್ಲಿಸಿದೆ. ಯಾರೂ ಸಾಯಲಿಲ್ಲ. ದುರುಗವ್ವನ ಬಲ ಮೊಣಕೈ ಮುರಿಯಿತು. ಮುರಿದ ಸದ್ದು ನನಗೆ ಕೇಳಿಸಿತು.

ನೀನು ಬೈಕಿನಲ್ಲಿ ಬಂದೆ. ದುರುಗವ್ವನನ್ನು ಸಂಡೂರು ಆಸ್ಪತ್ರೆಗೆ ಕಳಿಸಲು ಆಟೋಗೆ ಕಾಯುತ್ತ ಎಲ್ಲರೂ ನಿಂತಿದ್ದರು. ನೀನು ಜೀಪಿನ ಸುತ್ತ ಒಂದು ಸಲ ಬಂದು, ಅವರೆಲ್ಲ ಕೇಳುವ ಹಾಗೆ ಅಂದೆ: ‘ಈ ಇಳಿಜಾರಿನಾಗ ಎರಡನೇ ಗೇರ್ ಯಾರ್ ಹಾಕ್ತಾರಲೇ? ಒಂದನೇದು ಹಾಕ್ಬೇಕಂತ ಅಷ್ಟೂ ಗೊತ್ತಾಗಂಗಿಲ್ಲೇನು ನಿನಗ?’ ಹಿಂದಿನಿಂದ ಯಾರೋ, ‘ಗಂಡಸ್ರು ಹಿಡಿಯೋ ಗಾಡಿ, ನಾವ ಹತ್ತಬಾರದಿತ್ತು’ ಅಂದರು. ನಾನು ತಲೆ ತಗ್ಗಿಸಿದೆ. ತಪ್ಪು ನನ್ನದೇ ಎಂದು ನಾನೂ ನಂಬಿದ್ದೆ, ಅಣ್ಣ. ಮೊದಲನೇ ಗೇರು ಹಾಕಬೇಕಿತ್ತು, ಹಾಕಲಿಲ್ಲ ಎಂದು ಎಷ್ಟು ದಿನ ಅನ್ನ ಬಿಟ್ಟೆ, ಅವ್ವನನ್ನು ಕೇಳು.

ನೀನು ಹಂಪಿ ಸೇರಿದ ಮೇಲೆ ಬ್ರೇಕು ಬಿಚ್ಚಿ ನೋಡೋಣವೆಂದು ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟೆ. ಕೈಯಿಂದ ಚಕ್ರ ತಿರುಗಿಸಿದರೆ, ಎಂಜಿನ್ನಿನ ತಿರುವನ್ನು ಆಕ್ಸಲಿಗೆ ಒಯ್ಯುವ ಕೆಳಗಿನ ಶಾಫ್ಟು ಸೋಮಾರಿಯಂತೆ ತಿರುಗಿತು. ಕಣ್ಣಿಗೆ ಸರಿಬರಲಿಲ್ಲ. ಅಪ್ಪ ಮಾಡುತ್ತಿದ್ದ ಹಾಗೆ ಚಕ್ರಕ್ಕೊಂದು, ಶಾಫ್ಟಿಗೊಂದು ಸುಣ್ಣದ ಗುರುತು ಹಾಕಿದೆ. ಒಂದೇ ಚಕ್ರ ಎತ್ತಿದ್ದಾಗ ಅದನ್ನು ಎರಡು ಸುತ್ತು ತಿರುಗಿಸಿ ಶಾಫ್ಟಿನ ಸುತ್ತು ಎಣಿಸಬೇಕು. ನಲವತ್ತಮೂರಿನ ಜೋಡಿಯಾದರೆ ಐದು ಸುತ್ತು ದಾಟಿ ಮುಂದಕ್ಕೆ ಹೋಗಬೇಕು. ನಾಲ್ಕೂಕಾಲು ಸುತ್ತಿಗೇ ನಿಂತಿತು. ನನ್ನ ಎಣಿಕೆ ತಪ್ಪಿರಲಿ ಎಂದು ಬೇಡಿಕೊಂಡು ಮತ್ತೆ ತಿರುಗಿಸಿದೆ. ಮುಂದಿನ ಚಕ್ರ ಎತ್ತಿಯೂ ನೋಡಿದೆ. ಎಲ್ಲ ಕಡೆ ನಾಲ್ಕೂಕಾಲು ಸುತ್ತು. ಹನ್ನೊಂದಕ್ಕೆ ನಲವತ್ತೇಳು, ಹಳೇ ಜೋಡಿ.

ಹೊಸಪೇಟೆಗೆ ಹೋಗಿ ಕೇಳಿದರೆ ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. ‘ಹಂಪಿ ಗಿರಾಕಿ ಅದಾರ, ಹೈವೇದಾಗ ಓಡ್ಬೇಕು ಅಂದ ತಾಯಿ. ತಂಗಿಗೆ ಹೇಳೀಯೇನೋ ಅಂತ ಕೇಳ್ದೆ. ಅಕೀನ ಹೇಳ್ಯಾಳ ಅಂದ.’

ನೀನು ರಸ್ತೆಯ ಗೇರು ಆರಿಸಿಕೊಂಡದ್ದಕ್ಕೆ ನನಗೆ ಸಿಟ್ಟಿಲ್ಲ. ಹೋಗುವವನಿಗೆ ರಸ್ತೆಯದೇ ಬೇಕು. ‘ಬದಲ್ಸೀನಿ’ ಎಂದು ಒಂದು ಮಾತು ಹೇಳಿದ್ದರೆ ನಾನು ಆ ಸಂಜೆ ಮೊದಲನೇ ಗೇರಿನಲ್ಲಿ ಇಳಿಯುತ್ತಿದ್ದೆ. ಅಷ್ಟೇ ಆಗಬೇಕಿದ್ದದ್ದು. ಹೇಳದೆ ಇದ್ದದ್ದಕ್ಕೂ ಸಮಾಧಾನ ಮಾಡಿಕೊಳ್ಳಬಹುದಿತ್ತೇನೋ. ಎಲ್ಲ ಗೊತ್ತಿದ್ದೂ ಜನರ ನಡುವೆ ನಿಂತು ಎರಡನೇ ಗೇರ್ ಯಾರು ಹಾಕುತ್ತಾರೆ ಎಂದು ನನ್ನನ್ನು ಕೇಳಿದೆಯಲ್ಲ, ಅದಕ್ಕೆ ಏನು ಹೆಸರಿಡಲಿ? ನಿನ್ನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಅವ್ವನಿಗೆ ಹೇಳಿದೆ. ಆಕೆ ಒಲೆ ಊದುತ್ತ, ‘ಕಂಪ್ಲಿಯವರು ಹ್ಞೂಂ ಅನ್ನೂತನಕ ಬಾಯಿ ಬಿಡಬ್ಯಾಡ’ ಅಂದಳು. ನಿನಗೆ ಫೋನ್ ಮಾಡಿ, ಬಂದು ದುರುಗವ್ವನ ಮುಂದೆ ಒಂದು ಸಲ ನಿಜ ಹೇಳು ಅಂದೆ. ನೀನು ‘ಆಗಿದ್ದಾತು, ಈಗ್ಯಾಕ ಕೆದಕ್ತಿ?’ ಅಂದೆ. ಕೊನೆಗೆ ನಾನೇ ಹೋದೆ. ಜೀವನದಲ್ಲಿ ಅಷ್ಟು ಉದ್ದ ಮಾತು ನಾನು ಯಾರ ಮುಂದೆಯೂ ಆಡಿರಲಿಲ್ಲ. ಹಲ್ಲು, ಚಕ್ರ, ಶಾಫ್ಟು ಎಲ್ಲ ಹೇಳಿದೆ. ದುರುಗವ್ವ ಪೂರ್ತಿ ಮಡಚಲು ಬಾರದ ಬಲಗೈಯನ್ನು ಮಡಿಲಲ್ಲಿಟ್ಟು, ಎಡಗೈ ಊರಿ ಎದ್ದು ಕೂತು, ಎಲ್ಲ ಕೇಳಿ, ‘ಊರಾಗ ಇಲ್ಲದ ಅಣ್ಣನ ಮ್ಯಾಲ ಹಾಕ್ತೀಯೇನ ತಾಯಿ? ಅಂವ ಆಸ್ಪತ್ರಿಗೆ ಹಣ್ಣು ತಂದಿದ್ದ’ ಅಂದಳು. ನೀನು ಹಣ್ಣು ಕೊಟ್ಟದ್ದು ನನಗೆ ಗೊತ್ತೇ ಇರಲಿಲ್ಲ.

ಈಗ ಹೆಂಗಸರು ಟ್ರ್ಯಾಕ್ಟರಿನಲ್ಲಿ ಹೋಗುತ್ತಾರೆ. ಮೇಸ್ತ್ರಿ ನಲವತ್ತಮೂರಿನ ಜೋಡಿಗಳನ್ನು ಎರಡೂ ಆಕ್ಸಲಿಗೆ ಮತ್ತೆ ಕೂರಿಸಿಕೊಟ್ಟ. ಮೂತಿಯನ್ನು ಆದಷ್ಟು ಬಡಿದು ನೆಟ್ಟಗೆ ಮಾಡಿದೆ. ಗುಡ್ಡಕ್ಕೆ ನೀರಿನ ಕ್ಯಾನು, ಸಸಿ ಒಯ್ಯುವ ಕೆಲಸ ಮಾತ್ರ ಉಳಿದಿದೆ. ಕ್ಯಾನುಗಳು ಡ್ರೈವರ್ ಯಾರೆಂದು ಕೇಳುವುದಿಲ್ಲ. ಮೊನ್ನೆ ಟ್ರ್ಯಾಕ್ಟರು ಎದುರಾದಾಗ ಪಕ್ಕಕ್ಕೆ ಸರಿದು ನಿಂತೆ. ಅವರಲ್ಲಿ ಒಬ್ಬಳೂ ಮಾತಾಡಿಸಲಿಲ್ಲ. ಇಳಿಯುವಾಗ ನಾನು ಈಗಲೂ ಎರಡನೇ ಗೇರಿನಲ್ಲೇ ಇಳಿಯುತ್ತೇನೆ, ಅದೇ ಸರಿಯಾದ ಗೇರು.

ನೀನು ಬಂದು ಹೇಳಬೇಕೆಂದು ಇನ್ನು ಕರೆಯುವುದಿಲ್ಲ. ಮದುವೆಗೆ ಬರುತ್ತೇನೆ, ಅಕ್ಷತೆ ಹಾಕುತ್ತೇನೆ, ಕಂಪ್ಲಿಯವರ ಮುಂದೆ ಬಾಯಿ ಬಿಡುವುದಿಲ್ಲ. ಆ ಹುಡುಗಿಯ ಕಾಲ ಕೆಳಗಿನದನ್ನು ಏನಾದರೂ ಬದಲಿಸುವಾಗ ಮೊದಲು ಆಕೆಗೊಂದು ಮಾತು ಹೇಳುವ ಬುದ್ಧಿಯನ್ನು ದೇವರು ನಿನಗೆ ಕೊಡಲಿ. ತಂಗಿ ಹರಸುವುದು ಇಷ್ಟೇ.

ಇವತ್ತು ಬೆಳಿಗ್ಗೆ ಜೀಪಿನ ಡ್ರೈವರ್ ಸೀಟಿನ ಬೋಲ್ಟು ಬಿಚ್ಚಿ, ಅದನ್ನು ಮುಂದಿನ ತೂತುಗಳಿಗೆ ಸರಿಸಿ ಬಿಗಿದೆ. ಇಷ್ಟು ವರ್ಷ ಅದು ನಿನ್ನ ಕಾಲಿನ ಅಳತೆಗೆ ಇತ್ತು, ನಾನು ಬೆನ್ನಿಗೆ ಗೋಣಿಚೀಲ ಮಡಚಿಟ್ಟುಕೊಂಡು ಓಡಿಸುತ್ತಿದ್ದೆ. ಆ ಚೀಲವನ್ನು ತೆಗೆದು ಕ್ಯಾನುಗಳ ಕೆಳಗೆ ಹಾಸಿದೆ.

ಇಂತಿ,
ಅಂಜಲಿ
ಬಂಡ್ರಿ