ಮನೆಗೆ ವಾಪಸ್ ಬಂದ ಫ್ಯಾನು

ರೀ,

ಕೆಲಸಕ್ಕೆ ಹೊರಟೆ. ಎಬ್ಬಿಸೋಣ ಅಂದ್ಕೊಂಡೆ, ಮತ್ತೆ ಜಗಳ ಆಡೋಕೆ ತ್ರಾಣ ಇಲ್ಲ ಅಂತ ಬಿಟ್ಟೆ.

ನಾಳೆ ಆಸ್ಪತ್ರೆಯಿಂದ ಅತ್ತೆ ಬರ್ತಾರೆ. ಅವರ ಮಂಚ ಹಿಂದಿನ ರೂಮಲ್ಲಿ ಹಿಡೀಬೇಕಾದ್ರೆ ನಿಮ್ಮ ಹಳೇ ಸಾಮಾನಿನ ರಾಶಿ ಇವತ್ತೇ ಖಾಲಿಯಾಗ್ಬೇಕು. ನನ್ನ ಕೈಲಾದಷ್ಟು ಎತ್ತಿ ಬಾಗಿಲ ಹತ್ತಿರ ಇಟ್ಟಿದ್ದೀನಿ. ಗುಜರಿಯವನು ಬಂದಾಗ ಎಲ್ಲ ಕೊಟ್ಟುಬಿಡಿ. ಮುಚ್ಚಳ ಇಲ್ಲದ ಮಿಕ್ಸಿಗಳು, ಮಿಕ್ಸಿ ಇಲ್ಲದ ಮುಚ್ಚಳಗಳು, ಒಂದೂ ಬಿಡಬೇಡಿ. ಅವನು ತೂಕ ಹಾಕುವಾಗ ಪಕ್ಕದಲ್ಲಿ ನಿಂತ್ಕೋಬೇಡಿ, ನಿಮ್ಮ ಕೈ ಸುಮ್ಮನಿರಲ್ಲ. "ಯಾವುದಕ್ಕಾದ್ರೂ ಬೇಕಾಗುತ್ತೆ" ಅನ್ನೋದನ್ನ ಕೇಳಿ ಕೇಳಿ ಸಾಕಾಗಿಹೋಗಿದೆ.

ತಿಂಡಿ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ.

ಇನ್ನೊಂದು ಮಾತು. ನಿನ್ನೆ ಸಂಜೆ ಗುಜರಿ ಅಂಗಡಿಯಿಂದ "ಅಗ್ಗಕ್ಕೆ ಸಿಕ್ತು ಕಣೇ" ಅಂತ ಟೇಬಲ್ ಫ್ಯಾನ್ ತಂದ್ರಲ್ಲ, ಅದು ನಮ್ಮದೇ. ಹೋದ ವಾರ ನೀವಿಲ್ಲದಾಗ ನಾನೇ ಅವನಿಗೆ ಹಾಕಿದ್ದೆ. ಬುಡ ತಿರುಗಿಸಿ ನೋಡಿ, ಮಗಳು ಚಿಕ್ಕವಳಿದ್ದಾಗ ಅಂಟಿಸಿದ ಚಿಟ್ಟೆ ಸ್ಟಿಕ್ಕರ್ ಇನ್ನೂ ಅಲ್ಲೇ ಇದೆ. ನಿಮ್ಮಮ್ಮ ಆಸ್ಪತ್ರೆ ಸೇರಿದ ಮೇಲೆ ನಿಮ್ಮ ಮುಖದಲ್ಲಿ ನಗು ಕಂಡಿದ್ದು ನಿನ್ನೆಯೇ ಮೊದಲು. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ.

ಹೋಗ್ಲಿ, ಅದೊಂದು ಇರಲಿ. ಅತ್ತೆಗೆ ಸೆಕೆ ತಡೆಯೋಕಾಗಲ್ಲ, ಕೂತು ಸರಿ ಮಾಡಿಡಿ. ನಾಳೆ ಮಾಡ್ತೀನಿ, ನಾಳೆ ಮಾಡ್ತೀನಿ ಅಂತ ಅದನ್ನ ಇಷ್ಟು ವರ್ಷ ಮೂಲೇಲಿ ಕೂರಿಸಿದ್ರಿ. ಈ ಸಲವೂ ನಾಳೆ ಅಂದ್ರೆ, ಅಷ್ಟರಲ್ಲಿ ನಿಮ್ಮಮ್ಮ ಬಂದು ಬಾಗಿಲಲ್ಲಿ ನಿಂತಿರ್ತಾರೆ.