ಅಂಚಿನ ಸಾಲು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6

ಬೈಬಲ್. ಮತ್ತಾಯನ ಸುವಾರ್ತೆ, ಐದನೇ ಅಧ್ಯಾಯ. ಹಚ್ಚಿದ ದೀಪವನ್ನು ಯಾರೂ ಮುಚ್ಚಿಡುವುದಿಲ್ಲ ಎಂಬಲ್ಲಿಯವರೆಗೆ. ಮೂರು ವಾಕ್ಯ. ಸಾಕು.

ಅಮ್ಮ ಇದ್ದಾಗ ಮಾಡಿದ ಕ್ರಮ ಇದು— ಓದಿದ್ದನ್ನು ಮಾಡದೆ ಮುಂದಿನ ವಾಕ್ಯಕ್ಕೆ ಹೋಗಬಾರದು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ನಾನು ಐದನೇ ಕ್ಲಾಸಿನವರೆಗೆ ಕಲಿತವಳು, ಬೆರಳಿಟ್ಟು ಓದುತ್ತಿದ್ದೆ. ಅಮ್ಮ ಮಾಡುತ್ತಿದ್ದಳು. ಈಗ ಎರಡೂ ನನ್ನ ಪಾಲಿಗೆ.

ಇವತ್ತು ಮಾಡಬೇಕಾದ್ದು: ಸೋದರಮಾವನ ಬೈಂಡಿಂಗ್ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಹತ್ತಿರವಾದರೂ ನಾನಾಗಿ ಮಾತಾಡುವುದು.

ಸಂಜೆ— ಮಾತಾಡಿದೆ. ‘ನಾಳಿದ್ದು ಬನ್ನಿ’ ಅಂದೆ. ಮಾವ ಅಂಟಿನ ಡಬ್ಬಿ ಹಿಡಿದು ನಿಂತೇಬಿಟ್ಟರು. ‘ಈಗ ಯಾರು ಮಾತಾಡಿದ್ದು? ಗೋಡೆನಾ?’

ಮಾರ್ಚ್ 6, ಗುರುವಾರ

ಇವತ್ತಿನ ವಾಕ್ಯ: ತಮ್ಮನ ಮೇಲೆ ಸಿಟ್ಟಾಗುವುದು, ಮೂರ್ಖ ಎಂದು ಬೈಯುವುದು— ಅದೂ ಕೊಲೆಯ ಪಕ್ಕದಲ್ಲೇ ಇದೆ. ಮಾವನಿಗೆ ಓದಿ ಹೇಳಿದೆ. ರಟ್ಟು ಅಳೆಯುತ್ತಿದ್ದವರು ತಲೆ ಎತ್ತಲಿಲ್ಲ. ‘ಹಂಗಾದ್ರೆ ಈ ಬೀದೀಲಿ ಅರ್ಧ ಜನಾನ ನಾನೊಬ್ನೇ ಮುಗಿಸಿದೀನಿ ಬಿಡು.’ ನಗು ತಡೆಯಲಾಗಲಿಲ್ಲ. ದಾರಕ್ಕೆ ಮೇಣ ಹಚ್ಚುವುದು ಅರ್ಧಕ್ಕೇ ನಿಂತಿತು.

ಮಧ್ಯಾಹ್ನ ನರ್ಸಮ್ಮ ಬಂದರು. ಆಸ್ಪತ್ರೆ ಕೆಲಸದಿಂದ ನಿವೃತ್ತರಾದವರು. ಚರ್ಚಿನಲ್ಲಿ ಯಾವಾಗಲೂ ಕೊನೆಯ ಬೆಂಚು, ನನ್ನ ಹಾಗೆ. ಟವೆಲಿನಲ್ಲಿ ಸುತ್ತಿ ತಂದಿದ್ದ ಬೈಬಲ್ಲನ್ನು ಮೇಜಿನ ಮೇಲೆ ಇಟ್ಟರು. ಮಗುವನ್ನು ಮಲಗಿಸಿದ ಹಾಗೆ. ಬೆನ್ನು ಬಿಟ್ಟಿದೆ, ಹಾಳೆಗಳು ಜಾರುತ್ತಿವೆ.

‘ಒಂದು ಹಾಳೆನೂ ಕಳೀಬಾರದು’ ಅಂದರು.

‘ಕಳೆದ್ರೆ ನನ್ನ ಕಿವಿ ಹಿಂಡಿ’ ಅಂದರು ಮಾವ.

ಮಾರ್ಚ್ 8, ಶನಿವಾರ

ಹೇಗೆ ಬರೆಯಲಿ...

ಬೆಳಿಗ್ಗೆ ಆ ಬೈಬಲ್ ಬಿಚ್ಚಿದೆ. ಹಳೆಯ ಅಂಟು ಕೆರೆದೆ. ಫಾರಂ ಫಾರಂ, ಅಂದರೆ ಮಡಿಚಿದ ಹಾಳೆಗಳ ಒಂದೊಂದು ಕಟ್ಟನ್ನೂ, ಬೇರೆ ಮಾಡಿ ಹೊಸದಾಗಿ ಹೊಲಿದೆ. ಒಳಗೆಲ್ಲ ಪೆನ್ಸಿಲ್ ಬರಹ. ಸಣ್ಣ ಅಕ್ಷರ, ಹುಡುಗಿಯ ಕೈ. ಅಂಚಿನ ತುದಿ ಮುಟ್ಟುವವರೆಗೆ ಬರೆದಿದೆ. ನಾನು ಈಗ ಓದುತ್ತಿರುವ ಜಾಗ ಇದರಲ್ಲಿ ಹೇಗಿದೆಯೋ ನೋಡೋಣವೆಂದು ಮತ್ತಾಯ ಐದು ತೆರೆದೆ. ಅಲ್ಲಿ ಬರೆದಿತ್ತು— ‘ಇಲ್ಲಿಗೆ ಬಂದು ನಿಂತಿದ್ದೇನೆ. ಅಮ್ಮನ ಮನಸ್ಸಿನಲ್ಲಿ ನನ್ನ ಮೇಲೆ ಏನಿದೆ ಎಂದು ಗೊತ್ತು.’ ಅದರಾಚೆ, ಹಾಳೆಯ ಕೊಟ್ಟಕೊನೆಯಲ್ಲಿ, ಮೇಲಿಂದ ಕೆಳಗೆ ಉದ್ದಕ್ಕೆ ಇನ್ನೊಂದು ಸಾಲು. ಓದಲು ಪುಸ್ತಕ ತಿರುಗಿಸಿದೆ. ‘ಅಂಟು ಆರ್ತಾ ಇದೆ ಮೂಕಮ್ಮಾ’ ಎಂದು ಮಾವ ಕೂಗಿದರು. ಬಿಟ್ಟು ಹೋದೆ.

ವಾಪಸು ಬಂದಾಗ ಪುಸ್ತಕ ಕಟಿಂಗ್ ಮಷಿನ್ನಿನಲ್ಲಿ ಇತ್ತು. ಮಾವ ಅಳತೆ ಇಡುತ್ತಿದ್ದರು. ಪೆನ್ಸಿಲ್ ಬರಹ ಅವರಿಗೆ ಕಾಣುವುದಿಲ್ಲ, ಅದು ನನಗೆ ಗೊತ್ತು. ಕನ್ನಡಕ ಬದಲಿಸಿ ಎಂದರೆ ಸಿಟ್ಟು. ಬಾಯಿ ತೆರೆದೆ. ಒಂದೇ ಒಂದು ಮಾತು ಬೇಕಿತ್ತು, ‘ಬೇಡ’ ಎಂದು. ಅವರು ಹಿಡಿಯ ಮೇಲೆ ಭಾರ ಹಾಕಿದರು. ಬ್ಲೇಡು ಇಳಿಯಿತು.

‘ಅಂಚು ಕತ್ತರಿಸದ ಪುಸ್ತಕ ತಲೆ ಬಾಚದ ಮದುಮಗನ ಥರ’ ಎಂದರು. ಯಾವಾಗಲೂ ಹೇಳುವ ಮಾತು. ಯಾವಾಗಲೂ ನಗುತ್ತೇನೆ.

ಚೂರುಗಳು ಚೀಲಕ್ಕೆ ಬಿದ್ದವು.

ಮಾರ್ಚ್ 10, ಸೋಮವಾರ

ನರ್ಸಮ್ಮ ಬಂದು ಪುಸ್ತಕ ತೆಗೆದುಕೊಂಡರು. ಕಪ್ಪು ರಟ್ಟು ಸವರಿದರು. ‘ಹೊಸದಾಗೋಯ್ತಲ್ಲ!’ ನನ್ನ ಕೈ ಹಿಡಿದು ಬೆರಳು ನೋಡಿದರು. ‘ಹೊಲಿಗೆ ಚೆನ್ನಾಗಿ ಕಲ್ತಿದೀಯ. ಆಪರೇಷನ್ ಥಿಯೇಟರಿಗೆ ಬೇಕಾಗಿದ್ದೆ ನೀನು.’

ಒಳಗೆ ತೆರೆದು ನೋಡಲಿಲ್ಲ. ನಾನೂ ಹೇಳಲಿಲ್ಲ.

ಮಾರ್ಚ್ 11, ಬೆಳಿಗ್ಗೆ

ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಿದ್ದೀಯ. ಅಲ್ಲಿ ನೆನಪಾಗುತ್ತದೆ, ಯಾರಿಗೋ ನಿನ್ನ ಮೇಲೆ ಬೇಸರವಿದೆ ಎಂದು. ಕಾಣಿಕೆ ಅಲ್ಲೇ ಬಿಡು. ಮೊದಲು ಅವರ ಹತ್ತಿರ ಹೋಗು.

ಎರಡು ಸಲ ಓದಿದೆ. ನಿನಗೆ ಬೇಸರವಿದ್ದರೆ ಎಂದು ಹೇಳಿಲ್ಲ. ಅವರಿಗಿದ್ದರೆ ಎಂದಿದೆ. ಆದರೆ ನರ್ಸಮ್ಮನಿಗೆ ಇನ್ನೂ ಗೊತ್ತೇ ಇಲ್ಲವಲ್ಲ. ಹಾಗಾದರೆ ಹೋಗಬೇಕಾಗಿಲ್ಲವೇ?

ಅಮ್ಮ ಇದ್ದಿದ್ದರೆ ‘ನೆಪ ಹುಡುಕೋಕೆ ಓದ್ತೀಯಾ?’ ಎನ್ನುತ್ತಿದ್ದಳು.

ಮಾರ್ಚ್ 12

ಅದೇ ವಾಕ್ಯ.

ಮಾರ್ಚ್ 13, ಗುರುವಾರ

ಅಂಗಡಿ ತೆರೆದ ಸ್ವಲ್ಪ ಹೊತ್ತಿಗೇ ನರ್ಸಮ್ಮ. ಟವೆಲಿನಲ್ಲಿ ಅದೇ ಪುಸ್ತಕ. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

‘ಕತ್ತರಿಸಿದ ಚೂರು ಎಲ್ಲಿ ಹಾಕ್ತೀರಿ?’

‘ಅಂಚು ತೆಗೀದೆ ಬೈಂಡ್ ಮಾಡಕ್ಕಾಗಲ್ಲಮ್ಮ’ ಅಂದರು ಮಾವ, ಕೇಳದ ಪ್ರಶ್ನೆಗೆ. ‘ಚೀಲಕ್ಕೆ. ಗುಜರಿಯವನು ಒಯ್ತಾನೆ.’

ಚೀಲ ಇವತ್ತು ಬೆಳಿಗ್ಗೆ ಏಳಕ್ಕೆ ಹೋಗಿತ್ತು. ಐದು ದಿನ ನನ್ನ ಸ್ಟೂಲಿನ ಪಕ್ಕದಲ್ಲೇ ಇತ್ತು.

ನರ್ಸಮ್ಮ ಕೂತರು. ನೀರು ಕೊಟ್ಟೆ. ಆಮೇಲೆ ಯಾರಿಗೂ ಅಲ್ಲದ ಹಾಗೆ ಹೇಳಿದರು. ಮಗಳದು ಈ ಬೈಬಲ್. ಏಳು ವರ್ಷದ ಹಿಂದೆ ಜಗಳವಾಡಿ ಮನೆ ಬಿಟ್ಟವಳು. ‘ಈ ಬಾಗಿಲು ಮತ್ತೆ ತುಳೀಬೇಡ’ ಎಂದವರು ಇವರೇ. ಅವಳು ತುಳಿಯಲಿಲ್ಲ. ಹೋದ ವರ್ಷ ಬೇರೆ ಊರಿನಲ್ಲಿ ಜ್ವರ ಬಂದು ಹೋಗಿಬಿಟ್ಟಳು. ಪುಸ್ತಕ ಪಾರ್ಸೆಲ್ಲಿನಲ್ಲಿ ಬಂತು.

‘ಹೊಸ ಒಡಂಬಡಿಕೆಯಿಂದ ಶುರು ಮಾಡಿದ್ದೆ. ದಿನಕ್ಕೊಂದೇ ಪುಟ. ಅವಳು ಬರ್ದಿದ್ದು ಅಷ್ಟೇ ಓದ್ತಿದ್ದೆ, ಮುಂದಕ್ಕೆ ಕಣ್ಣು ಹಾಕ್ತಿರ್ಲಿಲ್ಲ. ಎಲ್ಲಾ ಒಂದೇ ಸಲ ಓದಿಬಿಟ್ರೆ ಮುಗ್ದೋಗುತ್ತಲ್ಲ... ಆಮೇಲೆ ಅವಳು ನಂಗೆ ಏನೂ ಹೇಳೋದಿರಲ್ಲ.’ ನಾಲ್ಕು ಪುಟ ಆಗಿತ್ತಂತೆ. ಹಾಳೆ ಉದುರತೊಡಗಿದ್ದರಿಂದ ಹೆದರಿ ಇಲ್ಲಿಗೆ ತಂದರು.

ಐದನೇ ಪುಟ ತೋರಿಸಿದರು, ಮತ್ತಾಯ ಐದು ಇರುವ ಪುಟ. ಅಂಚಿನುದ್ದಕ್ಕೂ ಅಕ್ಷರಗಳ ಬಾಲ ಮಾತ್ರ ಉಳಿದಿತ್ತು. ಇರುವೆ ಸಾಲಿನ ಹಾಗೆ.

ಮಾವ ಹಾಳೆಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದರು. ನರ್ಸಮ್ಮ ಹೋದರು. ಮಾವ ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ.

ಮಾರ್ಚ್ 18, ಮಂಗಳವಾರ

ಭಾನುವಾರ ಕಾಣಿಕೆಯ ತಟ್ಟೆ ಬಂದಾಗ ಏನೂ ಹಾಕದೆ ಪಕ್ಕದವರಿಗೆ ದಾಟಿಸಿಬಿಟ್ಟೆ. ಪಕ್ಕದಾಕೆ ನನ್ನನ್ನೇ ನೋಡಿದರು.

ಇವತ್ತು ಮಾವನಿಗೆ ಹೇಳಿದೆ. ಬರಹ ನಾನು ನೋಡಿದ್ದೆ, ಬಾಯಿ ಬರಲಿಲ್ಲ, ನರ್ಸಮ್ಮನಿಗೆ ಹೋಗಿ ಹೇಳುತ್ತೇನೆ ಎಂದು.

‘ಬ್ಲೇಡು ಇಳಿಸಿದ್ದು ನಾನು. ನನ್ನ ಮೇಲೆ ಹಾಕು’ ಅಂದರು.

‘ನೋಡಿದ್ದು ನಾನು ಮಾವ.’

‘ನೀನು ಅಂಗಡಿಗೆ ಬಂದ ಮೂರು ವರ್ಷದಿಂದ ಒಂದು ಮಾತಾಡು ಅಂತ ಬಡ್ಕೊಂಡೆ. ಮಾತಾಡೋಕೆ ಇದೇ ಬೇಕಿತ್ತಾ ನಿಂಗೆ?’ ಬೈದರೋ ಅತ್ತರೋ ತಿಳಿಯಲಿಲ್ಲ. ಬೆನ್ನು ತಿರುಗಿಸಿ ಅಂಟು ಕಲಸತೊಡಗಿದರು. ಡಬ್ಬಿಯಲ್ಲಿ ಅಂಟು ಬೇಕಾದಷ್ಟಿತ್ತು.

ಮಾರ್ಚ್ 19, ಬುಧವಾರ. ಸಂಜೆ 6

ಹೋದೆ. ಒಂದೇ ಕೋಣೆ, ಮಡಿಚಿಟ್ಟ ಬಿಳಿ ಹಾಸಿಗೆ, ಕಿಟಕಿಯ ಹತ್ತಿರ ಎರಡು ಕುರ್ಚಿ. ಒಂದರ ಮೇಲೆ ಧೂಳು ಕೂಡ ಇಲ್ಲ, ಯಾರೂ ಕೂತ ಗುರುತೂ ಇಲ್ಲ. ನಿಂತೇ ಹೇಳಿದೆ. ಎಲ್ಲಾ.

ನರ್ಸಮ್ಮ ಬೈಯಲಿಲ್ಲ. ನನ್ನ ತೋಳು ಹಿಡಿದರು, ಬಿಗಿಯಾಗಿ.

‘ನೋಡಿದ್ಯಾ? ಆ ಸಾಲು ನೀನು ನೋಡಿದ್ಯಾ? ಏನಿತ್ತು? ಹೇಳು, ಏನಿತ್ತು?’

ಓದಿರಲಿಲ್ಲ. ಅದನ್ನೇ ಹೇಳಬೇಕಿತ್ತು. ಆ ಕಣ್ಣುಗಳು... ಹುಟ್ಟಿದಾಗಿನಿಂದ ಬೇಕಾದಾಗ ಬಾರದ ಮಾತು ಆಗ ತಾನಾಗಿಯೇ ಬಂತು.

‘ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ ಅಂತ ಇತ್ತು.’

ನರ್ಸಮ್ಮ ಕುರ್ಚಿಯಲ್ಲಿ ಕುಸಿದರು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ತುಂಬಾ ಹೊತ್ತು. ಆಮೇಲೆ ನನ್ನನ್ನು ಇನ್ನೊಂದು ಕುರ್ಚಿಯಲ್ಲಿ ಕೂರಿಸಿದರು. ‘ಕೂತ್ಕೋ ಮಗಳೇ’ ಅಂದರು.

ಮಾರ್ಚ್ 21

ಮುಂದಿನ ವಾಕ್ಯಕ್ಕೆ ಹೋದೆ. ಎದುರಾಳಿಯ ಜೊತೆ ದಾರಿಯಲ್ಲಿರುವಾಗಲೇ ಬೇಗ ಸರಿಮಾಡಿಕೋ ಎಂದಿದೆ. ಹಗುರವಾಗಿದ್ದೇನೆ. ಮಾವನಿಗೂ ಸಮಾಧಾನ. ‘ಎಲ್ಲಿಂದ ಬಂತು ಇಷ್ಟು ಧೈರ್ಯ?’ ಅಂದರು. ಹೊಸ ಕನ್ನಡಕಕ್ಕೆ ಕಣ್ಣು ತೋರಿಸಲು ಒಪ್ಪಿಕೊಂಡಿದ್ದಾರೆ.

ಮಾರ್ಚ್ 23, ಭಾನುವಾರ

ನರ್ಸಮ್ಮ ಕೊನೆಯ ಬೆಂಚು ಬಿಟ್ಟು ಎರಡನೇ ಬೆಂಚಿಗೆ ಹೋಗಿ ಕೂತರು. ಹಾಡಿದರು. ಅವರ ದನಿ ಹೀಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಮಾರ್ಚ್ 26, ಬುಧವಾರ

ಬೆಳಿಗ್ಗೆ— ಆಣೆ ಇಡಬೇಡ. ಹೌದಾದರೆ ಹೌದು ಎನ್ನು, ಅಲ್ಲವಾದರೆ ಅಲ್ಲ ಎನ್ನು. ಅದಕ್ಕಿಂತ ಹೆಚ್ಚಿನದು ಕೆಟ್ಟದ್ದರಿಂದ ಬಂದದ್ದು.

ಬೆರಳು ಅಲ್ಲೇ ನಿಂತಿತು.

ಒಳ್ಳೆಯದಕ್ಕೆ ಹೇಳಿದ್ದಲ್ಲವೇ? ಯಾರಿಗೆ ಏನು ನಷ್ಟ? ಹಾಡುತ್ತಿದ್ದಾರೆ, ಊಟ ಮಾಡುತ್ತಿದ್ದಾರೆ. ಅಕ್ಷರದ ಬಾಲ ನೋಡಿ ಯಾರು ತಾನೆ ಅಲ್ಲ ಎಂದಾರು?

ಸಂಜೆ ನರ್ಸಮ್ಮ ಕರೆದಿದ್ದರಿಂದ ಹೋದೆ. ಪುಸ್ತಕ ತೆರೆದು ತೋರಿಸಿದರು. ಐದನೇ ಪುಟದ ಹೊಸ ಅಂಚಿನಲ್ಲಿ, ಉಳಿದಿದ್ದ ಇರುವೆ ಸಾಲಿನ ಪಕ್ಕ, ನೀಲಿ ಶಾಯಿಯಲ್ಲಿ ಮೇಲಿಂದ ಕೆಳಗೆ— ‘ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ.’

‘ಮರ್ತೋದ್ರೆ ಅಂತ ಬರ್ದಿಟ್ಟೆ ಮಗಳೇ. ವಯಸ್ಸಾಯ್ತಲ್ಲ.’

ಚೆನ್ನಾಗಿದೆ ಅಂದೆ. ಚೆನ್ನಾಗಿದೆ ಅಂದೆನಲ್ಲ.

ಮಾರ್ಚ್ 27

ಅದೇ ವಾಕ್ಯ.

ಮಾರ್ಚ್ 28

ಅದೇ. ಒಂದು ಫಾರಂ ತಲೆಕೆಳಗಾಗಿ ಹೊಲಿದೆ. ಮಾವ ಬಿಚ್ಚಿ ಕೊಟ್ಟರು, ಬೈಯಲಿಲ್ಲ.

ಮಾರ್ಚ್ 31, ಸೋಮವಾರ

ಹೇಳಿದೆ.

ಮೊದಲ ಸಲ ಹೇಳಲು ಹೋದಾಗ ಅವರದೇನೋ ಆಗಲೇ ಕಳೆದಿತ್ತು, ನಾನು ಒಪ್ಪಿಕೊಂಡೆ ಅಷ್ಟೇ. ಈ ಸಲ ಕೈಗೆ ಕೊಟ್ಟಿದ್ದನ್ನು ಕಿತ್ತುಕೊಳ್ಳಬೇಕಿತ್ತು. ಒಲೆಯ ಮೇಲೆ ಟೀ ಇಟ್ಟಿದ್ದರು, ಎರಡು ಲೋಟ ತೊಳೆಯುತ್ತಿದ್ದರು.

‘ಆ ಸಾಲು ನಾನು ಓದಿರ್ಲಿಲ್ಲ. ಓದೋಕೆ ಪುಸ್ತಕ ತಿರುಗ್ಸಿದ್ದೆ ಅಷ್ಟೇ. ಅದ್ರಲ್ಲಿ ಏನಿತ್ತು ಅಂತ ನಂಗೊತ್ತಿಲ್ಲ.’

ನಲ್ಲಿಯಿಂದ ನೀರು ಬೀಳುತ್ತಲೇ ಇತ್ತು. ನಿಲ್ಲಿಸಲಿಲ್ಲ.

‘ಮತ್ತೆ ಯಾಕೆ ಹಂಗಂದೆ?’

‘ನೀವು ಕೇಳಿದ್ರಿ.’



‘ಸಿಟ್ಟಿದೆ ಅಂತಾನೂ ಇರ್ಬಹುದು ಅಲ್ವಾ?’

‘ಇರ್ಬಹುದು.’

ಟೀ ಉಕ್ಕಿತು. ಒಲೆ ನಾನೇ ಆರಿಸಿದೆ. ನರ್ಸಮ್ಮ ಒಂದು ಲೋಟವನ್ನು ಮಾತ್ರ ಒರೆಸಿ ಕಪಾಟಿನೊಳಗೆ ಇಟ್ಟರು. ‘ಹೋಗು’ ಅಂದರು. ಮಗಳೇ ಎನ್ನಲಿಲ್ಲ.

ಏಪ್ರಿಲ್ 6, ಭಾನುವಾರ

ನರ್ಸಮ್ಮ ಬರಲಿಲ್ಲ. ಎರಡನೇ ಬೆಂಚಿನಲ್ಲಿ ಅವರ ಜಾಗ ಹಾಗೇ ಬಿಟ್ಟಿದ್ದರು.

ಒಂದು ವಾರವಾಯಿತು, ನಾನು ಓದಿಲ್ಲ. ಮಾಡಿದ್ದಾಯಿತು, ಮುಂದಕ್ಕೆ ಹೋಗಬಹುದು. ಹೋಗಲು ಆಗುತ್ತಿಲ್ಲ. ಮಾಡಿದ ಮೇಲೆ ಹಗುರವಾಗುತ್ತದೆ ಎಂದು ಎಲ್ಲಿಯೂ ಬರೆದಿಲ್ಲ. ನಾನೇ ಸೇರಿಸಿಕೊಂಡಿದ್ದೆ.

ಏಪ್ರಿಲ್ 11, ಶುಕ್ರವಾರ. ಸಂಜೆ

ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ನರ್ಸಮ್ಮ. ತುಂಬಾ ಸಣ್ಣಗಾಗಿದ್ದಾರೆ. ಒಳಗೆ ಬರಲಿಲ್ಲ.

‘ಈಗೀಗ ಪೆನ್ಸಿಲ್ ಬರಹ ನಂಗೂ ಸರಿಯಾಗಿ ಕಾಣಲ್ಲ. ಬಂದು ಓದ್ತೀಯಾ?’

ಮಾವ ಹೊಸ ಕನ್ನಡಕದ ಮೇಲಿಂದ ನೋಡಿ, ‘ಹೋಗು ಹೋಗು, ಹೊಲಿಗೆ ನಾನು ನೋಡ್ಕೋತೀನಿ’ ಅಂದರು.

ಕಿಟಕಿಯ ಹತ್ತಿರದ ಕುರ್ಚಿ. ಪುಸ್ತಕ ನನ್ನ ತೊಡೆಯ ಮೇಲೆ. ‘ಎಷ್ಟಿದೆಯೋ ಅಷ್ಟೇ ಓದ್ಬೇಕು’ ಅಂದರು. ‘ಎಲ್ಲಿ ನಿಂತಿದೆಯೋ ಅಲ್ಲೇ ನಿಲ್ಸು.’

ತೆರೆದಾಗ ಮೊದಲು ಸಿಕ್ಕಿದ್ದು ಐದನೇ ಪುಟ. ನೀಲಿ ಶಾಯಿಯ ಸಾಲು ಅಲ್ಲೇ ಇತ್ತು. ‘ಅಮ್ಮನ’ ಎಂಬುದಕ್ಕೆ ಒಂದು ಗೀಟು ಎಳೆದು ಮೇಲೆ ‘ಮಗಳ’ ಎಂದು ಬರೆದಿದ್ದಾರೆ. ಮಗಳ ಮೇಲೆ ನನಗೆ ಸಿಟ್ಟಿಲ್ಲ. ನಾನು ಅದನ್ನು ನೋಡಿದ್ದು ಅವರಿಗೆ ಗೊತ್ತಾಯಿತು.

ಹಾಳೆ ತಿರುಗಿಸಿದೆ. ಬೆರಳಿಟ್ಟು ಮೊದಲು ವಾಕ್ಯ ಓದಿದೆ. ಆಮೇಲೆ ಪೆನ್ಸಿಲ್ ಬರಹ. ‘ಅಮ್ಮ ಡ್ಯೂಟಿ ಮುಗಿಸಿ ಬಂದಾಗ ಶೂ ಬಿಚ್ಚುವುದು ನನ್ನ ಕೆಲಸವಾಗಿತ್ತು. ಕಾಲು ಊದಿರುತ್ತಿತ್ತು. ಒಂದು ದಿನ ಅಮ್ಮ ನನ್ನ ತಲೆ ಮುಟ್ಟಿ...’

ಅಲ್ಲಿಗೆ ಅಂಚು.

ನಿಲ್ಲಿಸಿದೆ. ನರ್ಸಮ್ಮ ಕಾದರು. ನಾನು ಸೇರಿಸಲಿಲ್ಲ. ಅವರ ಕೈ ಮೆಲ್ಲಗೆ ಎದ್ದು, ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ನನ್ನ ತಲೆ ಮುಟ್ಟಿ...